ಸರಾಸರಿ ಭಾವ ಎದ್ದು ನಿಂತದ್ದು

ಇಡೀ ಬೀದಿಗೆ ಅವನು ಭಾವ. ಹೆಂಡತಿಯ ತಮ್ಮನೊಬ್ಬ ಟ್ಯಾಕ್ಸಿ ಓಡಿಸುತ್ತಿದ್ದ. ಬೆಳಗಾದರೆ ಸಾಕು, ಆ ಬಾಮೈದ ಬೀದಿಯ ತುದಿಯಿಂದಲೇ ಹಾರ್ನ್ ಬಾರಿಸುತ್ತ "ಭಾವಾ, ಎದ್ರಾ?" ಎಂದು ಊರಿಗೇ ಕೇಳುವಂತೆ ಕೂಗುತ್ತಿದ್ದ. ಕೂಗು ಕೇಳಿ ಕೇಳಿ ಬ್ರೆಡ್ಡಿನ ಅಂಗಡಿಯವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಅವನು ಭಾವನೇ ಆಗಿಹೋದ. ಅದರ ಮೊದಲಿನ 'ಸರಾಸರಿ' ಆಮೇಲೆ ಅಂಟಿಕೊಂಡದ್ದು. ಅದಕ್ಕೆ ಅವನ ಕೆಲಸವೇ ಕಾರಣ. ಕೆಲಸ ಏನೆಂದು ಹೇಳಿದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಅವನ ಮಾವನವರಂತೂ ಸಾಯುವವರೆಗೂ ನಕ್ಕರು.

ಅವನ ಕೆಲಸ ಕೂರುವುದು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದಲ್ಲ, ಕಚೇರಿಯಲ್ಲಿ ಫೈಲು ನೋಡುತ್ತ ಕೂರುವುದೂ ಅಲ್ಲ. ಬರೀ ಕೂರುವುದು. ಅದಕ್ಕೆ ಸಂಬಳ.

ಜಗತ್ತಿನಲ್ಲಿ ಎಂತೆಂಥ ಸಂಘಗಳಿವೆ ಎಂದು ನಮಗೆಲ್ಲಿ ಗೊತ್ತಾಗಬೇಕು? ಬಾಟಲಿಯ ಮುಚ್ಚಳ ಮಾಡುವವರಿಗೊಂದು ಅಂತರರಾಷ್ಟ್ರೀಯ ಸಂಘವಿದೆ, ಅಂಗಿಯ ಗುಂಡಿ ಮಾಡುವವರಿಗೊಂದಿದೆ. ಹಾಗೇ ಕುರ್ಚಿ ಮಾಡುವ ಕಂಪನಿಗಳಿಗೂ ಒಂದು. ಅದರ ಕಚೇರಿ ಹಳೆಯ ಕಟ್ಟಡವೊಂದರ ನಡುವಿನ ಮಹಡಿಯಲ್ಲಿತ್ತು. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು. ದವಡೆ ಹಿಡಿದುಕೊಂಡು ಬಂದವರು ಮಹಡಿ ತಪ್ಪಿ ಇಲ್ಲೇ ಒಳಗೆ ಬಂದು, ಕುರ್ಚಿಗಳ ಸಾಲು ನೋಡಿ, ಇದೇ ಇರಬೇಕೆಂದು ಕೂತುಬಿಡುತ್ತಿದ್ದರು. ಅವರನ್ನು ಎಬ್ಬಿಸಿ ಮೇಲೆ ಕಳಿಸುವುದೇ ಅಲ್ಲಿಯ ಕಾರ್ಯದರ್ಶಿ ಮೇಡಂಗೆ ಅರ್ಧ ದಿನದ ಕೆಲಸ.

ಆ ಕಚೇರಿಯಲ್ಲಿ ಒಂದು ಕುರ್ಚಿಯಂತೆ ಇನ್ನೊಂದಿರಲಿಲ್ಲ. ಎಲ್ಲವೂ ಸದಸ್ಯ ಕಂಪನಿಗಳು ಪ್ರೀತಿಯಿಂದ ಕಳಿಸಿದವು. ಒಬ್ಬರ ಕುರ್ಚಿಯಲ್ಲಿ ಕೂತರೆ ಇನ್ನೊಬ್ಬರು ಮುಖ ಊದಿಸಿಕೊಳ್ಳುತ್ತಾರೆಂದು ಮೇಡಂ ವಾರಕ್ಕೊಂದು ಕುರ್ಚಿ ಬದಲಿಸುತ್ತಿದ್ದರು. ಒಂದು ವಾರ ಅವರ ಗಲ್ಲ ಮೇಜಿಗೆ ತಾಗುತ್ತಿತ್ತು, ಇನ್ನೊಂದು ವಾರ ಮೊಣಕಾಲು. ಪಾಪ, ಆಯಮ್ಮ ಎಂದೂ ತುಟಿಪಿಟಕ್ಕೆನ್ನಲಿಲ್ಲ.

ಸದಸ್ಯರು ಕಟ್ಟುವ ಚಂದಾ ಬಾಡಿಗೆಗೆ, ಕರೆಂಟಿಗೆ, ಯಾರೂ ಓದದ ಒಂದು ಪತ್ರಿಕೆಗೆ ಸರಿಹೋಗುತ್ತಿತ್ತು. ಅದರಾಚೆ ಏನು ಮಾಡಬೇಕೆಂದರೂ ಅದಕ್ಕೆ 'ವಿಶೇಷ ಯೋಜನೆ' ಎಂದು ಹೆಸರಿಟ್ಟು, ಮನಸ್ಸಿದ್ದವರು ತಮ್ಮ ಕೈಯಿಂದ ಹಾಕಬೇಕು. ವರ್ಷಕ್ಕೊಮ್ಮೆ ದೊಡ್ಡ ಸಭೆ. ಅಲ್ಲಿ ಒಂದೊಂದೇ ಯೋಜನೆಯ ಹೆಸರು ಓದುತ್ತಾರೆ, ಬೇಕೆನ್ನುವವರು ಕೈ ಎತ್ತುತ್ತಾರೆ, ಎತ್ತಿದವರೇ ಖರ್ಚು ಹೊರುತ್ತಾರೆ. ಯಾರೂ ಎತ್ತದಿದ್ದರೆ ಯೋಜನೆ ಅಲ್ಲಿಗೇ ಮಣ್ಣುಪಾಲು. ಕುರ್ಚಿಗಳು ಕಿರುಗುಟ್ಟುವುದರ ವಿರುದ್ಧ ಒಂದು ವಿಶೇಷ ಯೋಜನೆ ಇತ್ತು. ಮೂರು ಕಾಲಿನ ಸ್ಟೂಲಿಗೆ ಮರ್ಯಾದೆ ತಂದುಕೊಡುವ ಯೋಜನೆ ಒಂದಿತ್ತು. ಅದಕ್ಕೆ ಕೈ ಎತ್ತುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು, ಸ್ಟೂಲಿನ ಮರ್ಯಾದೆಯೂ ಅವರ ಹಿಂದೆಯೇ ಹೋಯಿತು.

ನಮ್ಮ ಭಾವ ಇಂಥದ್ದೊಂದು ಯೋಜನೆಯ ಕೂಸು. ಮೊದಲು ಅವನು ಕಿಟಕಿಗೆ ಪರದೆ ಹಾಕುವ ಕೆಲಸದಲ್ಲಿದ್ದ. ಒಂದು ದಿನ ಈ ಕಚೇರಿಯ ಕಿಟಕಿಗಳ ಅಳತೆ ತೆಗೆಯಲು ಬಂದು, ಸ್ವಲ್ಪ ಕಾಯಿರಿ ಎಂದದ್ದಕ್ಕೆ ಬಾಗಿಲ ಬಳಿಯ ಹಳೇ ಮರದ ಕುರ್ಚಿಯಲ್ಲಿ ಕೂತ. ಒಳಗಿನಿಂದ ಬಂದ ಇಂಜಿನಿಯರೊಬ್ಬರು ಅವನನ್ನು ಕಂಡವರೇ ನಿಂತುಬಿಟ್ಟರು. ಕೇಳಲಿಲ್ಲ, ಹೇಳಲಿಲ್ಲ, ಅವನ ಕೈಯ ಟೇಪನ್ನೇ ಕಸಿದುಕೊಂಡು ಅವನ ಮೊಣಕಾಲು, ಸೊಂಟ, ಬೆನ್ನು, ಭುಜ ಅಳೆಯತೊಡಗಿದರು. ಅವನೋ, ಪೊಲೀಸರಿರಬೇಕು ಎಂದು ಹೆದರಿ ಉಸಿರು ಬಿಗಿಹಿಡಿದು ಕೂತಿದ್ದ. ಅಳೆದು ಮುಗಿಸಿ ಇಂಜಿನಿಯರ್ ಕೂಗಿದರಂತೆ: "ಮೇಡಂ, ಸಿಕ್ಕಿದಾ! ಎಲ್ಲಾದ್ರಲ್ಲೂ ಸರಾಸರಿ!"

ಅಂದಿನಿಂದ ಅವನು ಸಂಘದ 'ಪ್ರಮಾಣಿತ ಆಸೀನ ವ್ಯಕ್ತಿ', ಅಂದರೆ ಕುರ್ಚಿಗಳ ಪರೀಕ್ಷೆಗೆಂದು ಕೂರುವ ಮಾದರಿ ಮನುಷ್ಯ. ಬಾಮೈದ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕು, "ಸರಾಸರಿ ಭಾವ ಅಂದ್ರೆ ಸಾಕು ಬಿಡಿ" ಎಂದ. ಬೀದಿಗೂ ಅದೇ ಸಾಕಾಯಿತು.

ಕೆಲಸದ ಕ್ರಮ ಹೀಗೆ. ಕೈ ಎತ್ತಿದ ಕಂಪನಿಗಳು ಹೊಸ ಕುರ್ಚಿ ಮಾಡಿದಾಗ ಇಲ್ಲಿಗೆ ಕಳಿಸುತ್ತವೆ. ಭಾವ ಅದರಲ್ಲಿ ಕೂರುತ್ತಾನೆ. ಎದುರಿಗೆ ಮೇಡಂ ಕೈಯಲ್ಲೊಂದು ಗಂಟೆ ಹಿಡಿದು ನಿಂತಿರುತ್ತಾರೆ. ಅವರು ಗಂಟೆ ಬಾರಿಸುವವರೆಗೆ ಅವನು ಕೂತೇ ಇದ್ದರೆ ಕುರ್ಚಿ ಪಾಸು, ಅದಕ್ಕೂ ಮುಂಚೆ ಎದ್ದರೆ ಫೇಲು. ಬಾಯಿ ಮಾತ್ರ ತೆರೆಯುವಂತಿಲ್ಲ. ಹಿಂದೊಮ್ಮೆ ಬಾಯಿಮಾತಿನಲ್ಲಿ ತೀರ್ಪು ಕೇಳಿದಾಗ, 'ಸುಖವಾಗಿದೆ' ಎಂದರೆ ಏನರ್ಥ ಎಂದು ಬೇರೆ ಬೇರೆ ದೇಶದ ಸದಸ್ಯರು ಕೈ ಕೈ ಮಿಲಾಯಿಸಿದ್ದರಂತೆ. ಅಲ್ಲಿಂದ ಮಾತು ಬಂದ್. ಎದ್ದದ್ದೇ ತೀರ್ಪು.

ಇದರಿಂದ ಭಾವನಿಗೆ ಕೋಡು ಬಂತು ಎಂದರೆ ತಪ್ಪಲ್ಲ. ಕೋಟ್ಯಧಿಪತಿಗಳು ಅವನ ಸೊಂಟವನ್ನೇ ನೋಡುತ್ತ ಉಗುಳು ನುಂಗುವುದು ದಿನವೂ ನಡೆದರೆ ಯಾರಿಗೆ ಬರುವುದಿಲ್ಲ? ನೆಂಟರ ಮನೆಗೆ ಹೋದರೆ ಅವನಿಗೆ ಕುರ್ಚಿ ಹಾಕಲು ಎಲ್ಲರೂ ಹಿಂದೇಟು ಹಾಕುತ್ತಿದ್ದರು. ಹೆಂಡತಿಯ ಚಿಕ್ಕಪ್ಪ ಹೊಸ ಸೋಫಾ ತಂದು, ಎಲ್ಲರ ಮುಂದೆ ಅವನನ್ನು ಕೂರಿಸಿದರು. ಅವನು ಕೂತ, ಒಂದು ಉಸಿರು ತೆಗೆದುಕೊಂಡ, ಎದ್ದ. ಚಿಕ್ಕಪ್ಪ ಇವತ್ತಿಗೂ ಅವನ ಜೊತೆ ಮಾತು ಬಿಟ್ಟಿದ್ದಾರೆ. ಕ್ಷೌರದ ಅಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಇದ್ದಾಗಲೇ ಎದ್ದುಬಂದು, ಹಾಗೇ ಬೀದಿ ದಾಟಿ ಮನೆಗೆ ಹೋದದ್ದನ್ನು ನೋಡಿದವರಿದ್ದಾರೆ.

ಅಂಥವನ ಮನೆಯಲ್ಲಿ ಒಂದೇ ಒಂದು ಕುರ್ಚಿ ಇರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವನ ಹೆಂಡತಿಯ ಇಸ್ತ್ರಿ ಅಂಗಡಿ. ಉದ್ದನೆಯ ಮೇಜು, ಅದರ ಮೇಲೆ ಸುಟ್ಟ ಗುರುತುಗಳಿರುವ ಕಂಬಳಿ, ಗೋಡೆಗೆ ಹ್ಯಾಂಗರುಗಳ ಸಾಲು, ಮೂಲೆಯಲ್ಲಿ ಹೋಟೆಲಿನವರ ಬೆಡ್‌ಶೀಟುಗಳ ಗಂಟು. ಬೆಳಗ್ಗೆ ನಿಂತರೆ ಅವಳು ದೀಪ ಹಚ್ಚುವ ಹೊತ್ತಿಗೂ ನಿಂತೇ ಇರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದಳು.

"ರೀ, ಅಲ್ಲಿ ಅಷ್ಟೊಂದು ಕುರ್ಚಿ ಬರ್ತವಂತಲ್ಲ, ನನಗೊಂದು ತಂದುಕೊಡಿ. ಮಧ್ಯೆ ಮಧ್ಯೆ ಕಾಲಿಗೆ ಸ್ವಲ್ಪ ಬಿಡುವು ಸಿಗತ್ತೆ."

"ತರೋಣ ಕಣೇ," ಎಂದಿದ್ದ ಭಾವ, ಕತ್ತು ನೆಟ್ಟಗೆ ಮಾಡಿಕೊಂಡು. "ಅಂಥಿಂಥದ್ದು ತರೋಕಾಗತ್ತಾ? ನನ್ನ ಹೆಂಡತಿ ಕೂರೋ ಕುರ್ಚಿ. ಒಳ್ಳೇದು ಸಿಗ್ಲಿ."

ಒಳ್ಳೆಯದು ಸಿಗಲೇ ಇಲ್ಲ. ಪಾಸಾದ ಕುರ್ಚಿಯಲ್ಲೂ ಅವನಿಗೆ ಏನಾದರೊಂದು ಕೊಂಕು ಕಾಣುತ್ತಿತ್ತು. ಆಮೇಲೆ ದಿನವಿಡೀ ಕುರ್ಚಿ ನೋಡಿ ನೋಡಿ ಮನೆಯಲ್ಲೂ ಅದರ ಮುಖ ನೋಡುವುದು ಬೇಡವೆನಿಸಿತು. ಅವಳು ಇನ್ನೊಂದೆರಡು ಸಲ ಕೇಳಿದಳು, ಆಮೇಲೆ ಬಿಟ್ಟಳು. ತೀರಾ ಕಾಲು ಸೋತಾಗ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದಳು. ವರ್ಷಗಳು ಹಾಗೇ ಉರುಳಿದವು. ಭಾವನ ಕಣ್ಣಿಗೆ ಅದು ಬಿದ್ದಿರಲಿಲ್ಲವೇ? ಬೀಳುತ್ತಿತ್ತು. ಬಕೆಟ್ಟು ಎಂದುಕೊಂಡು ಸುಮ್ಮನಾಗುತ್ತಿದ್ದ. ಗಂಡಸರ ಕಣ್ಣು ಕೆಲವು ವಿಷಯದಲ್ಲಿ ಹಾಗೇ, ಏನು ಮಾಡುವುದು.

ಹೀಗಿರುವಾಗ ಅವನ ಬೆನ್ನು ಕೈಕೊಟ್ಟಿತು.

ಮೊದಮೊದಲು ಸೊಂಟದ ಮೇಲೆ ಸಣ್ಣಗೆ ಚಳುಕು. ಬಗ್ಗಿ ಬೂಟು ಕಟ್ಟಿಕೊಳ್ಳುವಾಗ "ಅಯ್ಯಪ್ಪಾ" ಎನ್ನುವಷ್ಟು. ಆಮೇಲೆ ಟ್ಯಾಕ್ಸಿಯಿಂದ ಇಳಿಯಲು ಬಾಮೈದನ ತೋಳು ಬೇಕಾಯಿತು.

"ಭಾವಾ, ಕೂರೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಏಳೋದಕ್ಕೆ ಮಾತ್ರ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ."

"ಮುಚ್ಚು ಬಾಯಿ. ಎಲ್ಲಾದ್ರೂ ಉಸಿರೆತ್ತಿದ್ಯೋ, ನೋಡು!"

ಉಸಿರೆತ್ತುವ ಹಾಗಿರಲಿಲ್ಲ. ಜಗತ್ತಿಗೆಲ್ಲ ಮಾದರಿಯಾದ ಬೆನ್ನಿಗೇ ನೋವು ಎಂದು ತಿಳಿದರೆ ಯೋಜನೆಗೆ ಒಂದು ಕೈಯೂ ಏಳುವುದಿಲ್ಲ. ಮನೆಯಲ್ಲಿ ಹೆಂಡತಿ ದಪ್ಪ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ, ಅದಕ್ಕೆ ಇಸ್ತ್ರಿ ಒತ್ತಿ, ಬಿಸಿಬಿಸಿಯಾಗಿ ಅವನ ಸೊಂಟದ ಮೇಲೆ ಇಡುತ್ತಿದ್ದಳು. ಅವನು ನೆಲದ ಮೇಲೆ ಬೋರಲು ಮಲಗಿ, "ಹಾಂ... ಅಲ್ಲೇ... ಇನ್ನೂ ಸ್ವಲ್ಪ ಕೆಳಗೆ" ಎಂದು ನರಳುತ್ತಿದ್ದ. ಟವೆಲ್ ಇಟ್ಟು ಅವಳು ಮತ್ತೆ ಮೇಜಿನ ಮುಂದೆ ನಿಲ್ಲುತ್ತಿದ್ದಳು.

ಆ ವರ್ಷದ ಸಭೆ ಹತ್ತಿರ ಬಂದಾಗ ಮೇಡಂ ಅವನನ್ನು ಸಾಮಾನಿನ ಕೋಣೆಗೆ ಕರೆದು, ಪ್ಲಾಸ್ಟಿಕ್ ಹೊದಿಕೆ ಸರಿಸಿ ತೋರಿಸಿದರು. ಒಳಗೆ ರಬ್ಬರಿನ ಬೊಂಬೆಯೊಂದು ಗೋಡೆಗೊರಗಿ ಕೂತಿತ್ತು. ಮೂಗಿಲ್ಲ, ಕಣ್ಣಿಲ್ಲ. ಬೆನ್ನಿನ ತುಂಬ ವೈರುಗಳು.

"ನಮ್ಮ ಸಂಘದ ಅಧ್ಯಕ್ಷರ ಕಂಪನಿಯವರು ಮಾಡಿದ್ದು," ಎಂದರು ಮೇಡಂ. "ಈ ಸಲ ನಿಮ್ಮ ಯೋಜನೆ, ಬೊಂಬೆ ಯೋಜನೆ, ಎರಡೂ ಒಟ್ಟಿಗೆ ಸಭೆ ಮುಂದೆ ಬರತ್ತೆ. ಒಂದೇ ಉಳಿಯೋದು. ಬೊಂಬೆಗೆ ಬೆನ್ನುನೋವು ಬರಲ್ಲ ಅಂತ ಅಧ್ಯಕ್ಷರು ಎಲ್ಲರ ಹತ್ರ ಹೇಳ್ಕೊಂಡು ಬರ್ತಿದಾರೆ."

ಭಾವ ಸೊಂಟದ ಮೇಲಿದ್ದ ಕೈಯನ್ನು ಥಟ್ಟನೆ ತೆಗೆದ. "ನನಗೇನು ಬೆನ್ನುನೋವಿದೆಯಾ ಮೇಡಂ?"

"ಇದೆ ಅಂತ ನಾನೆಲ್ಲಿ ಹೇಳಿದೆ?" ಎಂದರು ಮೇಡಂ, ಅವನ ಮುಖ ನೋಡದೆ.

ಈ ವಯಸ್ಸಿನಲ್ಲಿ ಅವನು ಇನ್ನೆಲ್ಲಿಗೆ ಹೋಗಬೇಕು? ಪರದೆ ಕೆಲಸ ಮರೆತುಹೋಗಿತ್ತು, ಏಣಿ ಹತ್ತಲು ಸೊಂಟ ಬಿಡುತ್ತಿರಲಿಲ್ಲ. ಬೇರೆ ಕಡೆ ಕೆಲಸ ಕೇಳಲು ಹೋದರೆ ಅನುಭವ ಏನಿದೆ ಎನ್ನುತ್ತಾರೆ. ಕೂತಿದ್ದೆ ಎಂದು ಹೇಳಲು ಬರುತ್ತದೆಯೇ? ಅದಕ್ಕಿಂತ ಹೆಚ್ಚಾಗಿ, ಕಣ್ಣುಮೂಗಿಲ್ಲದ ರಬ್ಬರಿನ ಮುಂದೆ ಸೋಲುವುದೆಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಸಭೆ ನಡೆದದ್ದು ದೊಡ್ಡ ಹೋಟೆಲಿನ ಹಾಲಿನಲ್ಲಿ. ತಮಾಷೆ ನೋಡಿ, ಹಾಲಿನ ಕುರ್ಚಿಗಳು ಸಂಘದ ಸದಸ್ಯರವಲ್ಲ, ಯಾವುದೋ ಬಾಡಿಗೆ ಅಂಗಡಿಯವು. ಜಗತ್ತಿನ ಕುರ್ಚಿ ರಾಜರೆಲ್ಲ ಅವುಗಳ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುತ್ತ, ಕಾಲು ಬದಲಿಸುತ್ತ, ಮುಖ ಸಿಂಡರಿಸುತ್ತ ಕೂತಿದ್ದರು. ವೇದಿಕೆಯ ಮೇಲೆ ಅಧ್ಯಕ್ಷರ ಹೊಸ ಕುರ್ಚಿ. ಫಳಫಳ ಹೊಳೆಯುವ ಪೈಪಿನ ಕಾಲು, ಬೆನ್ನಿನ ಜಾಗದಲ್ಲಿ ಮುಂದಕ್ಕೆ ಉಬ್ಬಿದ ಗಟ್ಟಿ ಪ್ಲಾಸ್ಟಿಕ್ಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಗೆಲ್ಲ ಇದೇ ಕುರ್ಚಿ ಎಂದು ಅವರ ಆಸೆ. ಒಂದರ ಮೇಲೊಂದು ಪೇರಿಸಿಡಬಹುದು ಎಂಬುದನ್ನು ಅವರು ಮೂರು ಸಲ ಹೇಳಿದರು. ಅದರಲ್ಲಿ ಕೂರಬಹುದು ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಮೊದಲು ಬೊಂಬೆಯನ್ನು ಕೂರಿಸಿದರು. ವೈರು ಸಿಕ್ಕಿಸಿದರು. ಯಂತ್ರದ ಮೇಲೆ ಏನೋ ಅಂಕಿ ಮೂಡಿತು. ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ತಿಳಿಯದೆ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಣ್ಣಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಭಾವ. ಇಸ್ತ್ರಿಯ ಗೆರೆ ಮುರಿಯದ ಕೋಟು ತೊಟ್ಟು, ಕತ್ತೆತ್ತಿಕೊಂಡು ಬಂದ. ಮೇಡಂ ಗಂಟೆ ಹಿಡಿದು ನಿಂತರು. ಅವನು ಕೂತ.

ಕೂತ ಕೂಡಲೇ ಆ ಉಬ್ಬು ಸರಿಯಾಗಿ ನೋವಿನ ಜಾಗಕ್ಕೇ ಬಂದು ಚುಚ್ಚಿತು. ಇದು ಕುರ್ಚಿಯಲ್ಲ, ಶಿಕ್ಷೆ ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಅಧ್ಯಕ್ಷರದ್ದಾದರೇನು, ಅವರಪ್ಪನದ್ದಾದರೇನು, ಏಳಲೇಬೇಕು. ಇಷ್ಟು ವರ್ಷ ಅವನು ಕಪಟ ಮಾಡಿದವನಲ್ಲ. ಕಾಲೂರಿ ಏಳಹೋದ. ಸೊಂಟದಲ್ಲಿ ಕಟಕ್ಕೆಂದಿತು. ಅಷ್ಟೇ. ಇಡೀ ಬೆನ್ನು ಹಿಡಿದುಕೊಂಡಿತು. ಕೈ ಅಲ್ಲಾಡುತ್ತಿದ್ದವು, ಕಣ್ಣು ಅಲ್ಲಾಡುತ್ತಿದ್ದವು, ನಡುವಿನ ಭಾಗ ಮಾತ್ರ ಕುರ್ಚಿಗೆ ಮೊಳೆ ಹೊಡೆದ ಹಾಗೆ ನಿಂತುಹೋಯಿತು.

ಮೇಡಂ ಗಂಟೆ ಬಾರಿಸಿದರು. ಅವನು ಕೂತಿದ್ದ. ಅಭ್ಯಾಸದಂತೆ ಗಂಟೆಯಾದ ಮೇಲೆ ಎದ್ದು ತಲೆಬಾಗಬೇಕು. ಏಳಲಿಲ್ಲ. ಮೇಡಂ ಇನ್ನೊಮ್ಮೆ ಬಾರಿಸಿದರು. ಏಳಲಿಲ್ಲ. ನೋವು ತಡೆಯಲಾರದೆ ಅವನ ಕಣ್ಣಿಂದ ದಳದಳ ನೀರಿಳಿಯಿತು.

"ನೋಡಿ, ನೋಡಿ, ಆನಂದಬಾಷ್ಪ!" ಎಂದು ಯಾರೋ ಕೂಗಿದರು.

ಹಾಲೇ ಎದ್ದು ನಿಂತಿತು. ಇಷ್ಟು ವರ್ಷದಲ್ಲಿ ಗಂಟೆಯಾದ ಮೇಲೂ ಈ ಮನುಷ್ಯ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅಧ್ಯಕ್ಷರು ಓಡಿಬಂದು ಅವನ ಬೆನ್ನು ತಟ್ಟಿದರು. ಅವನು "ಅಮ್ಮಾ" ಎಂದ. ಅದನ್ನೂ ಹೊಗಳಿಕೆ ಎಂದೇ ತಿಳಿದುಕೊಂಡರು. ಬೊಂಬೆ ತಮ್ಮದೇ ಎಂಬುದನ್ನೂ ಮರೆತು ಅಧ್ಯಕ್ಷರೇ ಮೊದಲು ಭಾವನ ಯೋಜನೆಗೆ ಕೈ ಎತ್ತಿದರು, ಅವರ ಹಿಂದೆ ಎಲ್ಲರೂ ಎತ್ತಿದರು. ಅದೇ ಉಮೇದಿನಲ್ಲಿ 'ಎಲ್ಲರಿಗೂ ಆಸನ' ಎಂಬ ಹೊಸ ವಿಶೇಷ ಯೋಜನೆಯೂ ಹುಟ್ಟಿತು: ಸದಸ್ಯರ ಖರ್ಚಿನಲ್ಲಿ ಈ ಕುರ್ಚಿಯನ್ನೇ ಊರೂರಿನ ಶಾಲೆ, ಆಸ್ಪತ್ರೆಗಳಿಗೆ ಹಂಚುವುದು. ಹೋಟೆಲಿನವರು ಭಾವನನ್ನು ಕುರ್ಚಿ ಸಮೇತ ಎತ್ತಿ ಹೊರಗೆ ತಂದರು. ಜನ ಚಪ್ಪಾಳೆ ಹೊಡೆಯುತ್ತ ಬಾಗಿಲವರೆಗೂ ಬಂದರು. ಹೊರಗೆ ಬಾಮೈದ ಟ್ಯಾಕ್ಸಿಗೊರಗಿ ನಿಂತಿದ್ದವನು ಬಾಯಿ ತೆರೆದುಕೊಂಡು ನೋಡಿದ.

"ಏನ್ ಭಾವಾ ಇದು, ಮೆರವಣಿಗೆ?"

"ನನ್ನನ್ನ ಮೊದಲು ಇದರಿಂದ ಕೀಳೋ ಮಾರಾಯಾ," ಎಂದ ಭಾವ, ಹಲ್ಲು ಕಚ್ಚಿಕೊಂಡು.

ಮನೆಯಲ್ಲಿ ನೆಲಕ್ಕೆ ಬಿದ್ದವನು ಹಲವು ದಿನ ಏಳಲಿಲ್ಲ. ಬಿಸಿ ಟವೆಲ್ಲುಗಳ ಮೇಲೆ ಬಿಸಿ ಟವೆಲ್ಲು. ನೋವಿನ ನಡುವೆಯೂ ಒಳಗೊಳಗೇ ಖುಷಿ. ಬದುಕಿತು ಬಡಜೀವ, ರಬ್ಬರಿನವನನ್ನು ಮತ್ತೆ ಪ್ಲಾಸ್ಟಿಕ್ ಒಳಗೆ ಕಟ್ಟಿಹಾಕಿದರು. ಸುಳ್ಳು ಹೇಳಿದ್ದೇನೆಂದು ಅವನಿಗೆ ಅನಿಸಲೇ ಇಲ್ಲ. ಬಾಯಿ ತೆರೆದಿದ್ದರೆ ತಾನೇ ಸುಳ್ಳು?

ಆಗ ಬಂತು ಸಂಘದ ಉಡುಗೊರೆ. ಅದೇ ಕುರ್ಚಿ, ಕೆಂಪು ರಿಬ್ಬನ್ ಸುತ್ತಿದ್ದು. ಸಾಗಿಸುವವರು ಇಸ್ತ್ರಿ ಮೇಜಿನ ಪಕ್ಕದಲ್ಲೇ ಇಟ್ಟುಹೋದರು.

ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ನೋಡಿದಳು. ಸುತ್ತ ಒಂದು ಸುತ್ತು ಬಂದಳು. ಮುಖದಲ್ಲಿ ಮದುವೆಯ ಹೊಸತರ ಕಳೆ.

"ಅಂತೂ ತಂದ್ರಿ ಅನ್ನಿ," ಎಂದಳು. ರಿಬ್ಬನ್ ಬಿಚ್ಚಿದಳು. ಕೈ ಒರೆಸಿಕೊಂಡಳು. ಕೂತಳು.

ಎದ್ದಳು.

ನೆಲದಲ್ಲಿ ಮಲಗಿದ್ದ ಭಾವ ತಲೆಯೆತ್ತಿ ನೋಡಿದ. ಏಳುವುದೆಂದರೆ ಏನೆಂದು ಜಗತ್ತಿನಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಯಾಕೇ, ಎದ್ದುಬಿಟ್ಟೆ?"

"ಏನಿಲ್ಲ. ಹೋಟೆಲಿನೋರ ಬೆಡ್‌ಶೀಟು ಬಾಕಿ ಇದೆಯಲ್ಲ."

ಮಧ್ಯಾಹ್ನ ಅವನು ನಿದ್ದೆ ಹೋಗಿದ್ದಾನೆಂದುಕೊಂಡು ಅವಳು ಮೆಲ್ಲಗೆ ಇನ್ನೊಮ್ಮೆ ಕೂತಳು. ಈ ಕಡೆ ವಾಲಿದಳು, ಆ ಕಡೆ ವಾಲಿದಳು, ಮುಂದೆ ಸರಿದಳು. ಎದ್ದಳು. ಸಂಜೆಯ ಹೊತ್ತಿಗೆ ಕುರ್ಚಿಯ ಬೆನ್ನಿಗೆ ಹ್ಯಾಂಗರುಗಳು ಬಂದಿದ್ದವು, ಅವಳು ಬಕೆಟ್ಟಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಅಂದು ಮೊದಲ ಸಲ ಭಾವ ಆ ಬಕೆಟ್ಟನ್ನು ಸರಿಯಾಗಿ ನೋಡಿದ. ಬುಡ ಒಂದು ಕಡೆ ಸೀಳಿತ್ತು. ಅದು ಚುಚ್ಚದಿರಲೆಂದು ಅವಳು ಹಳೇ ಟವೆಲ್ಲಿನ ತುಂಡು ಮಡಚಿ ಇಟ್ಟುಕೊಂಡಿದ್ದಳು.

"ಚೆನ್ನಾಗಿಲ್ಲ ಅಲ್ವಾ ಕುರ್ಚಿ?" ಎಂದ ಮೆತ್ತಗೆ.

"ಛೆ ಛೆ, ಕುರ್ಚಿ ಚೆನ್ನಾಗೇ ಇರತ್ತೆ ಬಿಡಿ. ನೀವೇ ಗಂಟೆ ಹೊಡೆದ್ರೂ ಏಳಲಿಲ್ವಂತೆ. ದೊಡ್ಡ ದೊಡ್ಡೋರೆಲ್ಲ ಒಪ್ಪಿದಾರೆ." ಅವಳು ಸೊಂಟಕ್ಕೆ ಕೈ ಕೊಟ್ಟು ಎದ್ದಳು. "ನನ್ನ ಬೆನ್ನೇ ಸರಿ ಇಲ್ಲವೇನೋ. ನಿಂತೂ ನಿಂತೂ ಹಾಳಾಗಿರಬೇಕು."

ಭಾವ ಗೋಡೆಯ ಕಡೆ ಮಗ್ಗುಲಾದ. ಅವನಿಗೆ ನಾಚಿಕೆಯಾಯಿತು. ನೋವಿಗಿಂತ ಹೆಚ್ಚು ನಾಚಿಕೆ. ತನ್ನನ್ನು ನಂಬಿ ಇವಳು ತನ್ನ ಬೆನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. ನಾಳೆ ಊರೂರಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಕಾಯುವವರು, ಶಾಲೆಯ ಮಕ್ಕಳು, ಎಲ್ಲರೂ ಇದರಲ್ಲಿ ಕೂತು, ನಮ್ಮ ಬೆನ್ನೇ ಸರಿ ಇಲ್ಲವೇನೋ ಎಂದುಕೊಳ್ಳುತ್ತಾರೆ.

ನಡೆಯುವ ಹಾಗಾದ ದಿನವೇ ಅವನು ಕಚೇರಿಗೆ ಹೋದ. ಮೇಡಂ ನಿಂತುಕೊಂಡು ಕೆಲಸ ಮಾಡುತ್ತಿದ್ದರು.

"ಮೇಡಂ, ಅವತ್ತು ನಾನು ಇಷ್ಟಪಟ್ಟು ಕೂತಿರಲಿಲ್ಲ. ಬೆನ್ನು ಹಿಡ್ಕೊಂಡು ಸಿಕ್ಕಿಹಾಕ್ಕೊಂಡಿದ್ದೆ."

ಮೇಡಂ ಹೋಗಿ ಬಾಗಿಲು ಹಾಕಿಬಂದರು. "ಗೊತ್ತು ನನಗೆ. ಈ ವಾರ ನನ್ನ ಸರದಿಗೆ ಬಂದಿರೋದು ಅದೇ ಕುರ್ಚಿ. ಸೋಮವಾರ ಬೆಳಗ್ಗೆ ಕೂತೆ, ಅಲ್ಲಿಂದ ಹೀಗೇ ನಿಂತಿದೀನಿ."

"ಹಂಗಾದ್ರೆ ಹೇಳಿಬಿಡೋಣ."

"ಬಾಯಿಮಾತು ನಡೆಯಲ್ಲ, ನಿಯಮ ನಿಮಗೇ ಗೊತ್ತು. ಶನಿವಾರ ಮೊದಲ ಲೋಡು ಹೊರಡೋದಿದೆ. ಕೈ ಎತ್ತಿದ ಸದಸ್ಯರೆಲ್ಲ ಬರ್ತಾರೆ, ನಿಮ್ಮನ್ನ ಕೂರಿಸಿ ಫೋಟೋ ತೆಗೀತಾರೆ." ಅವರು ದನಿ ತಗ್ಗಿಸಿದರು. "ಆದ್ರೆ ಅಧ್ಯಕ್ಷರ ಕೈ ಇಳಿದ್ರೆ ಎಲ್ಲರ ಕೈ ಇಳಿಯತ್ತೆ. ಆಮೇಲೆ ನಿಮ್ಮ ಯೋಜನೆ ಇರಲ್ಲ. ಯೋಚನೆ ಮಾಡಿ."

"ಯೋಚನೆ ಮಾಡ್ತಾ ಕೂತ್ರೆ ಏಳೋಕಾಗಲ್ಲ ಮೇಡಂ," ಎಂದ ಭಾವ.

ಶನಿವಾರ ಗೋದಾಮಿನ ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅಧ್ಯಕ್ಷರು ಹೊಸ ಟೈ ಕಟ್ಟಿಕೊಂಡು ಬಂದಿದ್ದರು. ನಡುವೆ ಒಂದು ಕುರ್ಚಿ ಹಾಕಿ, ಸದಸ್ಯರೆಲ್ಲ ಹಿಂದೆ ನಿಂತರು. ಫೋಟೋದವನು ಕ್ಯಾಮೆರಾ ಹಿಡಿದ. ಭಾವ ಬಂದು ಕೂತ.

"ಸ್ವಲ್ಪ ನಗಿ ಸಾರ್," ಎಂದ ಫೋಟೋದವನು.

ಭಾವ ಎದ್ದ.

"ಕೂತ್ಕೊಳ್ಳಿ ಸಾರ್, ಇನ್ನೂ ತೆಗೆದಿಲ್ಲ."

ಕೂತ. ಎದ್ದ. ಬೆನ್ನೊಳಗೆ ಬೆಂಕಿ ಇಟ್ಟ ಹಾಗಾಗುತ್ತಿತ್ತು. ಈ ಸಲವೂ ಹಿಡಿದುಕೊಂಡರೆ ಏನು ಗತಿ ಎಂದು ಜೀವ ಬಾಯಿಗೆ ಬಂದಿತ್ತು. ಆದರೂ ಇನ್ನೊಮ್ಮೆ ಕೂತು, ಮಂಡಿಗೆ ಎರಡೂ ಕೈ ಒತ್ತಿ, ಕೆಂಪಗಾಗಿ, ಬೆವರಿ, ಪೂರ್ತಿ ಎದ್ದು ನಿಂತ. ಮತ್ತೆ ಕೂರಲಿಲ್ಲ. ಹಿಂದೆ ನಿಂತಿದ್ದವರಲ್ಲಿ ಗುಸುಗುಸು ಶುರುವಾಯಿತು. ಆ ಜನಕ್ಕೆ ಬೇರೇನೂ ತಿಳಿಯದಿದ್ದರೂ ಇದು ತಿಳಿಯುತ್ತಿತ್ತು. ಒಬ್ಬ ಸದಸ್ಯ ಕೆಮ್ಮಿದ, ಇನ್ನೊಬ್ಬ ಹಿಂದೆ ಸರಿದ, ಮತ್ತೊಬ್ಬ ನಮ್ಮ ಹೆಸರು ಸದ್ಯಕ್ಕೆ ಬೇಡ ಎಂದು ಮೇಡಂ ಕಿವಿಯಲ್ಲಿ ಹೇಳಿದ.

ಅಧ್ಯಕ್ಷರ ಮುಖ ಕಪ್ಪಿಟ್ಟಿತು. "ಏನಯ್ಯಾ ಆಟ ಇದು? ನಿನ್ನ ಬೆನ್ನೇ ಸರಿ ಇಲ್ಲ!"

ಇಷ್ಟು ವರ್ಷ ಕುರ್ಚಿಯ ಪಕ್ಕದಲ್ಲಿ ಬಾಯಿ ತೆರೆಯದಿದ್ದವನು ಅಂದು ತೆರೆದ.

"ಹೌದು ಸಾರ್. ನನ್ನ ಬೆನ್ನು ಸರಿ ಇಲ್ಲ, ಯಾವಾಗಲೋ ಕೆಟ್ಟಿದೆ. ಅವತ್ತು ಹಿಡ್ಕೊಂಡಿತ್ತು ಅಂತಲೇ ಏಳೋಕಾಗಲಿಲ್ಲ. ಆದ್ರೆ ನನ್ನ ಹೆಂಡತಿ ಬೆನ್ನು ಸರಿ ಇದೆ." ಅವನು ಕುರ್ಚಿಯ ಕಡೆ ಕೈ ತೋರಿಸಿದ. "ಅವಳೂ ಎದ್ಲು ಸಾರ್."

ಲಾರಿಗಳು ಅಂದು ಹೊರಡಲಿಲ್ಲ. ಉಬ್ಬನ್ನು ತಗ್ಗಿಸಿ ತರುತ್ತೇವೆಂದು ಕಂಪನಿಯವರು ಕುರ್ಚಿಗಳನ್ನು ವಾಪಸು ಒಯ್ದರು. ತಗ್ಗಿಸಿದರು ಎಂದು ಕೇಳಿದ್ದೇನೆ, ಬೆಲೆಯನ್ನು ಮಾತ್ರ ಅಲ್ಲ. ಭಾವನ ಯೋಜನೆಗೆ ಎತ್ತಿದ್ದ ಕೈಗಳೆಲ್ಲ ಒಂದೊಂದಾಗಿ ಇಳಿದವು. ಬೊಂಬೆ ಪ್ಲಾಸ್ಟಿಕ್ಕಿನಿಂದ ಹೊರಬಂದು ಅವನ ಜಾಗದಲ್ಲಿ ಕೂತಿತು. ಅದು ಯಾವ ಕುರ್ಚಿಯಿಂದಲೂ ಏಳುವುದಿಲ್ಲ, ಹಾಗಾಗಿ ಈಗ ಎಲ್ಲ ಕುರ್ಚಿಗಳೂ ಪಾಸು, ಸದಸ್ಯರೆಲ್ಲ ಸುಖವಾಗಿದ್ದಾರೆ.

ಕೊನೆಯ ದಿನ ಮೇಡಂ ಕೇಳಿದರು. "ಸಂಘದಿಂದ ಏನಾದ್ರೂ ಕೊಡಬೇಕು ಅಂತಿದೆ. ಏನು ಬೇಕು ಹೇಳಿ."

ಭಾವ ಬಾಗಿಲ ಕಡೆ ನೋಡಿದ. ಅಲ್ಲಿ ಆ ಹಳೇ ಮರದ ಕುರ್ಚಿ, ಅವನು ಮೊದಲ ದಿನ ಕೂತದ್ದು, ಇನ್ನೂ ಹಾಗೇ ಇತ್ತು. ಅದನ್ನು ಮಾಡಿದ ಕಂಪನಿ ಎಂದೋ ಸಂಘ ಬಿಟ್ಟಿತ್ತು. ಅದರ ಪರವಾಗಿ ಯಾರೂ ಕೈ ಎತ್ತಿರಲಿಲ್ಲ, ಅದನ್ನು ಯಾರೂ ಪರೀಕ್ಷೆಗೆ ಇಟ್ಟಿರಲಿಲ್ಲ. ಈಗಲೂ ಹಲ್ಲುನೋವಿನವನೊಬ್ಬ ಮಹಡಿ ತಪ್ಪಿ ಬಂದು, ಅದರಲ್ಲಿ ಕೂತು, ನೋವು ಮರೆತು, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ.

"ಅದು," ಎಂದ ಭಾವ. "ಅವರು ಎದ್ದ ಮೇಲೆ."

ಸಾಕಷ್ಟು ಕಾಯಬೇಕಾಯಿತು.

ಬಾಮೈದ ಕುರ್ಚಿಯನ್ನು ಟ್ಯಾಕ್ಸಿಯ ಮೇಲೆ ಹಗ್ಗದಿಂದ ಬಿಗಿದ. "ಭಾವಾ, ಅಲ್ಲ, ಇಷ್ಟೆಲ್ಲ ಆಗಿ ಕೊನೆಗೆ ತಂದಿದ್ದು ಈ ಮುದಿ ಕುರ್ಚೀನಾ? ಇನ್ಮೇಲೆ ಏನ್ ಮಾಡ್ತೀರಿ?"

"ನಿಂತು ಮಾಡೋ ಕೆಲಸ. ನಿಮ್ಮಕ್ಕನ ಹತ್ರ ಬೆಡ್‌ಶೀಟು ಮಡಚೋಕೆ ಕಲೀತೀನಿ."

"ಅವಳು ಇಟ್ಕೊಂಡ್ರೆ," ಎಂದ ಬಾಮೈದ.

ಮನೆಯಲ್ಲಿ ಹೆಂಡತಿ ಒಂದು ಬಿಳಿ ಶರ್ಟಿನ ಬೆನ್ನಿಗೆ ಇಸ್ತ್ರಿ ಹಾಕುತ್ತಿದ್ದಳು. ಒಳಗೆ ಬಂದ ಕುರ್ಚಿಯನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಇನ್ನೊಂದಾ? ರೀ, ಹ್ಯಾಂಗರ್ ಹಾಕೋಕೆ ಒಂದು ಸಾಕು ನನಗೆ."

"ಒಂದ್ಸಲ ಕೂತು ನೋಡೇ."

"ಕೆಲಸ ಇದೆ ಕಣ್ರೀ."

"ಇರ್ಲಿ. ಕೂತು ನೋಡು. ಇಷ್ಟ ಆಗ್ಲಿಲ್ಲ ಅಂದ್ರೆ ಏಳು, ನಾನೇನೂ ಅಂದ್ಕೊಳ್ಳಲ್ಲ." ಹೇಳಿ ಅವನೂ ಒಮ್ಮೆ ಉಗುಳು ನುಂಗಿದ. ಪರೀಕ್ಷೆಯ ಹೊತ್ತಿಗೆ ಕಂಪನಿಯ ಮಾಲೀಕರು ಏಕೆ ಹಾಗೆ ನುಂಗುತ್ತಿದ್ದರೆಂದು ಅವನಿಗೆ ಈಗ ಅರ್ಥವಾಯಿತು.

ಅವಳು ಬೇಸರದಿಂದಲೇ ಬಂದು ಕೂತಳು. ಬೆನ್ನು ಒರಗಿಸಿದಳು. ಕೈಗಳು ತಾವಾಗಿಯೇ ಮರದ ತೋಳುಗಳ ಮೇಲೆ ಇಳಿದವು. ಭುಜ ಇಳಿಯಿತು. ಒಂದು ಕಾಲನ್ನು ಮುಂದೆ ಚಾಚಿದಳು, ಆಮೇಲೆ ಇನ್ನೊಂದನ್ನು. ಕಣ್ಣು ಮುಚ್ಚಿದಳು.

ಭಾವ ನಿಂತು ನೋಡಿದ. ಬಾಮೈದನೂ ಹಗ್ಗ ಸುತ್ತುವುದನ್ನು ನಿಲ್ಲಿಸಿದ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅವಳು ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಸುಟ್ಟ ವಾಸನೆ ಎದ್ದಿತು.

"ಲೇ, ಇಸ್ತ್ರಿ! ಸುಡ್ತಾ ಇದೆ ಕಣೇ!"

"ಎತ್ತಿಡಿ," ಎಂದಳು ಅವಳು.

ಭಾವ ಸೊಂಟ ಹಿಡಿದುಕೊಂಡೇ ಮೇಜಿನತ್ತ ಓಡಿದ. ಶರ್ಟಿನ ನಟ್ಟ ನಡುವೆ ಇಸ್ತ್ರಿಯಷ್ಟೇ ಅಗಲದ ಕಂದು ಗುರುತು ಮೂಡಿ ಹೊಗೆಯಾಡುತ್ತಿತ್ತು.

"ಅಯ್ಯೋ, ಯಾರದಕ್ಕಾ ಆ ಶರ್ಟು?" ಎಂದ ಬಾಮೈದ, ಕತ್ತು ಚಾಚಿ.

"ನಿಂದೇ ಕಣೋ," ಎಂದಳು ಅಕ್ಕ, ಕಣ್ಣು ತೆರೆಯದೆ. ಆಗಲೂ ಏಳಲಿಲ್ಲ.